1:18ರಲ್ಲಿ ಒಂದೇ ಒಂದು ತರಿಸಬೇಕು: 1959ರ ಕ್ಯಾಡಿಲಾಕ್ಕೋ, 1957ರ ಬೆಲ್ ಏರೋ?

ಗ್ಯಾರೇಜ್ ಗೂಡು
ಎಲ್ಲರಿಗೂ ನಮಸ್ಕಾರ, ಮೈಸೂರಿನಿಂದ. ಇಷ್ಟು ದಿನ ಅಂಗಡಿಯಲ್ಲಿ ಕಂಡ ಹಾಟ್ ವೀಲ್ಸ್ ಆಟಿಕೆ ಕಾರುಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಜಾಗ ಮುಗಿದಿದೆ. ಇನ್ನು ಮುಂದೆ 1950 ಮತ್ತು 60ರ ದಶಕದ ಅಮೆರಿಕನ್ ಕಾರುಗಳು ಮಾತ್ರ ಸಾಕು ಅಂತ ತೀರ್ಮಾನ ಮಾಡಿದ್ದೇನೆ. ಉಳಿದದ್ದೆಲ್ಲ ಅಣ್ಣನ ಮಕ್ಕಳಿಗೆ ಕೊಡುತ್ತಿದ್ದೇನೆ.

ಅಕ್ಕ-ಭಾವ ಮಿಶಿಗನ್‌ನಿಂದ ದೀಪಾವಳಿಗೆ ಬರುತ್ತಿದ್ದಾರೆ. 1:18 ಅಳತೆಯ, ಅಂದರೆ ನಿಜವಾದ ಕಾರಿನ ಹದಿನೆಂಟನೇ ಒಂದು ಭಾಗದಷ್ಟಿರುವ ಮಾದರಿ ಒಂದೇ ಒಂದು ತರುತ್ತೇವೆ, ಯಾವುದು ಬೇಕೋ ಬೇಗ ಹೇಳು ಅಂದಿದ್ದಾರೆ. ನನ್ನ ಮನಸ್ಸಿನಲ್ಲಿ ಇರುವುದು ಎರಡು. 1959ರ ಕ್ಯಾಡಿಲಾಕ್ ಎಲ್ಡೊರಾಡೊ, 1957ರ ಷೆವ್ರೊಲೆ ಬೆಲ್ ಏರ್. ನೀವಾದರೆ ಯಾವುದು ತರಿಸುತ್ತೀರಿ? ಬಂದ ಮೇಲೆ ಡಬ್ಬಿ ಬಿಚ್ಚಬೇಕಾ, ಹಾಗೇ ಇಡಬೇಕಾ? ಮತ್ತೆ ಅಂಗೈ ಗಾತ್ರದ 1:64ರಲ್ಲಿ ಹಾಟ್ ವೀಲ್ಸ್ ಬಿಟ್ಟು ಬೇರೆ ಯಾರದ್ದು ನೋಡಬೇಕು?

ಹುಬ್ಬಳ್ಳಿ ಹಾಟ್‌ರಾಡ್
ಕ್ಯಾಡಿಲಾಕ್. ಇದರಲ್ಲಿ ಕೇಳುವುದು ಏನಿದೆ? ಹಿಂಬದಿಯಲ್ಲಿ ಎದ್ದು ನಿಂತ ಆ ರೆಕ್ಕೆ ನೋಡಿದರೆ ಸಾಕು.

ಪ್ಯಾಕ್ ಬಿಚ್ಚಲ್ಲ
ಯಾವುದೇ ತರಿಸಿ, ಡಬ್ಬಿ ಮಾತ್ರ ಬಿಚ್ಚಬೇಡಿ. ಬಿಚ್ಚಿದ ದಿನವೇ ಅರ್ಧ ಬೆಲೆ ಹೋಯಿತು ಅಂತಲೇ ಲೆಕ್ಕ.

ಸ್ಕೇಲ್ ಸರಿ ಇರಲಿ
ಬೆಲ್ ಏರ್ ಅಥವಾ ಕ್ಯಾಡಿಲಾಕ್ ಅನ್ನುವ ಮೊದಲು ಟೇಪ್ ತೆಗೆದುಕೊಂಡು ಶೆಲ್ಫ್ ಅಳೆಯಿರಿ. 1959ರ ಕ್ಯಾಡಿಲಾಕ್ ನಿಜವಾದ ಕಾರು 225 ಇಂಚು ಉದ್ದ, ಅಂದರೆ 5.7 ಮೀಟರ್. 1:18ರಲ್ಲಿ ಅದು 31.7 ಸೆಂ.ಮೀ. ಆಗುತ್ತದೆ. 1957ರ ಬೆಲ್ ಏರ್ 200 ಇಂಚು, ಸರಿಯಾಗಿ 28 ಸೆಂ.ಮೀ. ಚಿಲ್ಲರೆ. ನಮ್ಮ ಕಡೆಯ ಗೋಡೆ ಬೀರುಗಳ ಆಳ ಸಾಮಾನ್ಯವಾಗಿ 30 ಸೆಂ.ಮೀ. ಇರುತ್ತದೆ. ಕ್ಯಾಡಿಲಾಕ್ ಮೂತಿ ಮುಂದೆ ಮಾಡಿ ಇಟ್ಟರೆ ಗಾಜಿನ ಬಾಗಿಲು ಹಾಕಲು ಆಗಲ್ಲ. ಅಡ್ಡ ಇಟ್ಟರೆ ಇನ್ನೆರಡು ಕಾರಿನ ಜಾಗ ತಿನ್ನುತ್ತದೆ.

ಹಾಟ್ ವೀಲ್ಸ್ ಬಗ್ಗೆ ಒಂದು ಮಾತು. ಅದು 1:64 ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅವರು ಕಾರನ್ನು ಪ್ಯಾಕಿಗೆ ಹೊಂದುವ ಹಾಗೆ ಹಿಗ್ಗಿಸಿ ಕುಗ್ಗಿಸುತ್ತಾರೆ. ನಿಜವಾದ 1:64ರಲ್ಲಿ 59ರ ಕ್ಯಾಡಿಲಾಕ್ 8.9 ಸೆಂ.ಮೀ. ಇರಬೇಕು, 1965ರ ಮಸ್ಟ್ಯಾಂಗ್ 7.2 ಸೆಂ.ಮೀ. ಇರಬೇಕು. ಹಾಟ್ ವೀಲ್ಸ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಆ ವ್ಯತ್ಯಾಸ ಕಾಣಲ್ಲ. ಅಮೆರಿಕನ್ ಕಾರುಗಳ ಮಜಾನೇ ಆ ಉದ್ದದಲ್ಲಿರುವಾಗ ಅದನ್ನೇ ಕಳೆದುಕೊಂಡರೆ ಹೇಗೆ?

ಕೆಂಪು ಗೆರೆ
@ಸ್ಕೇಲ್ ಸರಿ ಇರಲಿ, ಅಳತೆಯ ಮಾತು ಒಪ್ಪುತ್ತೇನೆ. ಆದರೆ ಹಾಟ್ ವೀಲ್ಸ್ ಅನ್ನು ಹಾಗೆ ಪಕ್ಕಕ್ಕೆ ತಳ್ಳಬೇಡಿ. 1968ರಲ್ಲಿ ಬಂದ ಮೊದಲ 16 ಕಾರುಗಳನ್ನು ನೋಡಿ. ಕಸ್ಟಮ್ ಕಮಾರೊ, ಕಸ್ಟಮ್ ಮಸ್ಟ್ಯಾಂಗ್, ಕಸ್ಟಮ್ ಕೂಗರ್, ಕಸ್ಟಮ್ ಬ್ಯಾರಕೂಡ. ಡೆಟ್ರಾಯಿಟ್ ಬೀದಿಯಲ್ಲಿ ಓಡುತ್ತಿದ್ದದ್ದೇ ಅಂಗೈಗೆ ಬಂತು. ಅವುಗಳ ವಿನ್ಯಾಸ ಮಾಡಿದ ಹ್ಯಾರಿ ಬೆಂಟ್ಲಿ ಬ್ರಾಡ್ಲಿ ಜನರಲ್ ಮೋಟಾರ್ಸ್‌ನಿಂದಲೇ ಬಂದವರು. ಆಮೇಲೆ ಬಂದ ಲ್ಯಾರಿ ವುಡ್ ಫೋರ್ಡ್‌ನಲ್ಲಿ ಕೆಲಸ ಮಾಡಿದವರು. ನಿಜವಾದ ಕಾರು ಬಿಡಿಸಿದ ಕೈಗಳು ಅವು.

ಇನ್ನು ಅದರ ಬಣ್ಣ. ಉಜ್ಜಿ ಹೊಳಪು ಮಾಡಿದ ಲೋಹದ ಮೇಲೆ ಪಾರದರ್ಶಕ ಬಣ್ಣ ಬಳಿದಿದ್ದು, ಸ್ಪೆಕ್ಟ್ರಾಫ್ಲೇಮ್ ಅನ್ನುತ್ತಾರೆ. ಬಿಸಿಲಿಗೆ ಹಿಡಿದರೆ ಕೆಳಗಿನ ಲೋಹ ಒಳಗಿಂದ ಮಿಂಚುತ್ತದೆ. ಟೈರಿನ ಮೇಲೆ ಕೆಂಪು ಗೆರೆ 1977ರವರೆಗೂ ಬಂತು. ಅಂಥ ಒಂದು ಕಾರು ಕೈಯಲ್ಲಿ ಹಿಡಿದು ಆಮೇಲೆ ಮಾತಾಡಿ.

ಸ್ಕೇಲ್ ಸರಿ ಇರಲಿ
ಹಿಡಿದಿದ್ದೇನೆ. ಚೆನ್ನಾಗಿದೆ. ಆದರೂ ಅದು ಆಟಿಕೆ, ಮಾದರಿ ಅಲ್ಲ. ಬಾನೆಟ್ ಮೇಲೆ ಗಾಳಿ ಎಳೆಯುವ ಆ ಹುಡ್ ಸ್ಕೂಪು, ಎದ್ದ ಹಿಂಬದಿ ಯಾವ ಶೋರೂಮ್ ಕಾರಲ್ಲೂ ಇರಲಿಲ್ಲ.

ಕೆಂಪು ಗೆರೆ
ಆಟಿಕೆಯೇ. ಮಕ್ಕಳು ಆಡಲಿ ಅಂತ ಮಾಡಿದ ವಸ್ತು ಇವತ್ತಿಗೂ ಉಳಿದಿದೆ ಅನ್ನುವುದೇ ಅದರ ದೊಡ್ಡತನ. ಮಾದರಿ ಬೇಕು ಅನ್ನುವವರಿಗೆ ಬ್ರೂಕ್ಲಿನ್ ಇದೆ, ಫ್ರಾಂಕ್ಲಿನ್ ಮಿಂಟ್ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ.

ಡೆಟ್ರಾಯಿಟ್ ಕನ್ನಡಿಗ
ಇಲ್ಲೇ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್ ಹತ್ತಿರ ಇದ್ದೇನೆ, ಹಾಗಾಗಿ ಎರಡು ಮಾತು. ಪ್ರತಿ ವರ್ಷ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ, ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ. 1995ರಲ್ಲಿ ಶುರುವಾಗಿದ್ದು. ಅಲ್ಲಿ ನಿಂತು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕ್ಯಾಡಿಲಾಕ್ ಬಂದಾಗ ಎಲ್ಲರೂ ಫೋಟೋ ತೆಗೆಯುತ್ತಾರೆ. ಬೆಲ್ ಏರ್ ಬಂದಾಗ ಹತ್ತಿರ ಹೋಗಿ ಮಾಲೀಕರ ಜೊತೆ ಮಾತಿಗೆ ನಿಲ್ಲುತ್ತಾರೆ. ಅವರ ಅಪ್ಪನೋ ಅಜ್ಜನೋ ಅದನ್ನು ಓಡಿಸಿರುತ್ತಾರೆ.

ಮಾದರಿ ಕೊಳ್ಳುವಾಗ ಒಂದು ಪರೀಕ್ಷೆ ಹೇಳುತ್ತೇನೆ. 1955, 56, 57 ಮೂರು ವರ್ಷದ ಷೆವ್ರೊಲೆಯನ್ನೂ ಸೇರಿಸಿ ಇಲ್ಲಿ ಟ್ರೈ-ಫೈವ್ ಅನ್ನುತ್ತಾರೆ. 55ರಲ್ಲಿ ಪೆಟ್ರೋಲ್ ಹಾಕುವ ಮುಚ್ಚಳ ಹಿಂದಿನ ಎಡ ಪಕ್ಕದಲ್ಲಿ ಕಣ್ಣಿಗೆ ಕಾಣುವ ಹಾಗೆ ಇದೆ. 56ರಲ್ಲಿ ಅದನ್ನು ಎಡಗಡೆಯ ಹಿಂದೀಪದ ಹಿಂದೆ ಅಡಗಿಸಿದರು. 57ರಲ್ಲಿ ಎಡ ರೆಕ್ಕೆಯ ತುದಿಯ ಕ್ರೋಮ್ ಪಟ್ಟಿಯ ಹಿಂದೆ. ಒಳ್ಳೆಯ 1:18 ಮಾದರಿಯಾದರೆ ಆ ಪಟ್ಟಿಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ. 57 ಅಂತ ಬರೆದು ಪಕ್ಕದಲ್ಲಿ ದುಂಡಗೆ ಮುಚ್ಚಳ ಕೆತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಗ್ಯಾರೇಜ್ ಗೂಡು
ವಾಹ್, ಈ ವಿಷಯ ಗೊತ್ತೇ ಇರಲಿಲ್ಲ! ಕ್ಯಾಡಿಲಾಕ್‌ಗೂ ಇಂಥದ್ದು ಏನಾದರೂ ಇದೆಯಾ?

ಡೆಟ್ರಾಯಿಟ್ ಕನ್ನಡಿಗ
ಇದೆ. 59ರಲ್ಲಿ ಎಲ್ಡೊರಾಡೊ ಬಿಯಾರಿಟ್ಜ್ ಅನ್ನೋ ದುಬಾರಿ ಓಪನ್ ಕಾರು 1320 ಮಾತ್ರ ಆಯಿತು. ಸೀರೀಸ್ 62 ಓಪನ್ ಕಾರು 11 ಸಾವಿರಕ್ಕೂ ಜಾಸ್ತಿ. ಇವೆರಡಕ್ಕೂ ಪಕ್ಕದ ಕ್ರೋಮ್ ಬೇರೆ. ಎಲ್ಡೊರಾಡೊದಲ್ಲಿ ಅಗಲವಾದ ಪಟ್ಟಿ ಕೆಳಗಡೆ ಉದ್ದಕ್ಕೂ ಹಿಂದೆ ಹೋಗಿ, ಅಲ್ಲಿ ತಿರುಗಿ ಮೇಲ್ಗಡೆ ಮುಂದಕ್ಕೆ ಬರುತ್ತದೆ. 62ರಲ್ಲಿ ನಡುವೆ ಒಂದು ತೆಳು ಪಟ್ಟಿ ಅಷ್ಟೇ. ಮೈಸ್ಟೊ ಅವರ 1:18 ಬಿಯಾರಿಟ್ಜ್ ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮ ಭಾವನಿಗೆ ಕಷ್ಟ ಆಗಲ್ಲ.

ಹುಬ್ಬಳ್ಳಿ ಹಾಟ್‌ರಾಡ್
ನಾ ಮೊದಲೇ ಹೇಳಿದ್ದೆ, ಕ್ಯಾಡಿಲಾಕ್. ರೆಕ್ಕೆ ಶುರು ಮಾಡಿದ್ದೂ ಅವರೇ. ಜನರಲ್ ಮೋಟಾರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ತಂಡ ಪಿ-38 ಯುದ್ಧವಿಮಾನದ ಬಾಲ ನೋಡಿ 1948ರ ಕ್ಯಾಡಿಲಾಕ್‌ಗೆ ಸಣ್ಣ ರೆಕ್ಕೆ ಹಚ್ಚಿತು. ಹನ್ನೊಂದು ವರ್ಷದಲ್ಲಿ ಅದು ಆಕಾಶ ಮುಟ್ಟಿತು.

ನಾಲ್ಕು ಬಾಗಿಲು
ಮಧ್ಯದಲ್ಲಿ ಕ್ರೈಸ್ಲರ್ ಅನ್ನು ಬಿಟ್ಟುಬಿಟ್ಟಿರಿ. 1957ರಲ್ಲಿ ಆ ಕಂಪನಿಯ, ವರ್ಜಿಲ್ ಎಕ್ಸ್‌ನರ್ ವಿನ್ಯಾಸದ ಪ್ಲಿಮತ್, ಡಿಸೋಟೊ ಬಂದಾಗ ಜನರಲ್ ಮೋಟಾರ್ಸ್‌ನವರು ಬೆಚ್ಚಿಬಿದ್ದರು. ಆ ಪೈಪೋಟಿ ಇಲ್ಲದಿದ್ದರೆ 59ರ ರೆಕ್ಕೆ ಅಷ್ಟು ಎತ್ತರ ಹೋಗುತ್ತಿರಲಿಲ್ಲ. ಹಾಗಾಗಿ ಶೆಲ್ಫಿನಲ್ಲಿ ಒಂದು 57ರ ಪ್ಲಿಮತ್ ಇಲ್ಲದೆ ಕ್ಯಾಡಿಲಾಕ್ ಇಟ್ಟರೆ ಕಥೆ ಅರ್ಧ. 1:64ರಲ್ಲಾದರೂ ಒಂದು ಇಡಿ.

ಕಾಫಿ ತೋಟ
ಪ್ಲಿಮತ್, ಡಿಸೋಟೊ ಅಂದಾಗ ನೆನಪಾಯಿತು. ಸಕಲೇಶಪುರದ ಕಡೆ ನಮ್ಮ ಅಜ್ಜ ಕೆಲಸ ಮಾಡುತ್ತಿದ್ದ ತೋಟದ ಮಾಲೀಕರ ಹತ್ತಿರ ಡಾಡ್ಜ್ ಕಿಂಗ್ಸ್‌ವೇ ಇತ್ತು. ಅದು ಅಮೆರಿಕದಿಂದ ಬಂದ ಕಾರು ಅಂತ ನಾವೆಲ್ಲ ತಿಳಿದುಕೊಂಡಿರುತ್ತೇವೆ. ಅಲ್ಲ, ಜೋಡಿಸಿದ್ದು ಬಾಂಬೆಯಲ್ಲಿ. ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೊ ಮತ್ತು ಫಾರ್ಗೊ ಲಾರಿಗಳನ್ನು ಜೋಡಿಸುತ್ತಿತ್ತು. ಜನರಲ್ ಮೋಟಾರ್ಸ್ ಅದಕ್ಕೂ ಮೊದಲೇ, 1928ರಿಂದ, ಬಾಂಬೆಯಲ್ಲಿ ಷೆವ್ರೊಲೆ ಜೋಡಿಸಿ 1954ರಲ್ಲಿ ಬಾಗಿಲು ಹಾಕಿತು. ಕಲ್ಕತ್ತಾ ಕಡೆ ಹಿಂದೂಸ್ತಾನ್ ಮೋಟಾರ್ಸ್ ಸ್ಟುಡಿಬೇಕರ್ ಮಾಡುತ್ತಿತ್ತು.

ಅಜ್ಜ ಹೇಳುತ್ತಿದ್ದರು, ಮಳೆಗಾಲದಲ್ಲಿ ಆ ಕಾರನ್ನು ಘಾಟಿ ಹತ್ತಿಸುವಾಗ ಹಿಂದೆ ಇಬ್ಬರು ಕಲ್ಲು ಹಿಡಿದು ನಡೆಯುತ್ತಿದ್ದರಂತೆ, ನಿಂತರೆ ಚಕ್ರಕ್ಕೆ ಕೊಡಲು. ನಾನು ಹುಡುಕುತ್ತಿರುವುದು ಸ್ಟೀರಿಂಗ್ ಬಲಗಡೆ ಇರುವ 50ರ ದಶಕದ ಡಾಡ್ಜ್ ಅಥವಾ ಪ್ಲಿಮತ್. ಸಿಗುವುದೆಲ್ಲ ಎಡಗಡೆಯದ್ದೇ. ಯಾರಿಗಾದರೂ ಕಂಡರೆ ತಿಳಿಸಿ.

ಕೆಂಪು ಗೆರೆ
@ಕಾಫಿ ತೋಟ, ಇಂಗ್ಲೆಂಡಿನ ಹಳೇ ಡಿಂಕಿ ಆಟಿಕೆ ಕಾರು ನೋಡಿ. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆಯಲ್ಲಿ ಮಾಡಿದ್ದು, ಆದರೆ 50ರ ದಶಕದಲ್ಲಿ ಅವರು ಅಮೆರಿಕನ್ ಕಾರು ಸಾಕಷ್ಟು ಮಾಡಿದರು. ಡಾಡ್ಜ್ ರಾಯಲ್, ಪ್ಲಿಮತ್ ಪ್ಲಾಜಾ, ಸ್ಟುಡಿಬೇಕರ್ ಲ್ಯಾಂಡ್ ಕ್ರೂಸರ್, ಹಡ್ಸನ್ ಹಾರ್ನೆಟ್, ಪ್ಯಾಕಾರ್ಡ್. ಕಿಂಗ್ಸ್‌ವೇ ಅಲ್ಲದಿದ್ದರೂ ಆ ಕಾಲದ ಮುಖ ಸಿಗುತ್ತದೆ. ಹಲವು ಡಿಂಕಿಗಳಿಗೆ ಒಳಗೆ ಸ್ಟೀರಿಂಗೇ ಇಲ್ಲ, ಹಾಗಾಗಿ ಎಡ-ಬಲದ ತಕರಾರೂ ಇಲ್ಲ.

ಗದಗ ಗೇರ್
ಹಳೇ ಡಿಂಕಿ ತೆಗೆದುಕೊಳ್ಳುವವರು ಹುಷಾರು. ಯುದ್ಧಕ್ಕೆ ಮುಂಚಿನವು, ಅಂದರೆ 1930ರ ದಶಕದವು, ತಾವಾಗಿಯೇ ಬಿರುಕು ಬಿಟ್ಟು ಪುಡಿಯಾಗುತ್ತವೆ. ಸತುವಿನ ಮಿಶ್ರಲೋಹದಲ್ಲಿ ಸೀಸ ಸೇರಿದರೆ ಹಾಗೆ. ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿ ಜಮಾಕ್ ಅನ್ನುವ ಮಿಶ್ರಲೋಹ ಮಾಡುತ್ತಾರೆ, 400 ಡಿಗ್ರಿಗೂ ಕಡಿಮೆ ಶಾಖಕ್ಕೆ ಕರಗುತ್ತದೆ. ಅದಕ್ಕೇ ಅಚ್ಚಿಗೆ ಸುರಿಯಲು ಸುಲಭ. ಆದರೆ ಸತು ಶುದ್ಧ ಇರಬೇಕು. ಕಾರ್ಖಾನೆಯಲ್ಲಿ ಸೀಸದ ಚೂರು ಬಿದ್ದಿದ್ದರೆ ವರ್ಷಗಳು ಕಳೆದ ಮೇಲೆ ಲೋಹ ಒಳಗಿಂದ ಉಬ್ಬುತ್ತದೆ. ಶುರುವಾದರೆ ನಿಲ್ಲಿಸುವ ದಾರಿ ಇಲ್ಲ. ಪಕ್ಕದ ಕಾರಿಗೆ ಅಂಟಲ್ಲ, ಅದೊಂದು ಸಮಾಧಾನ.

ಕೊಳ್ಳುವಾಗ ಬಾನೆಟ್ ಅಂಚು, ಬಾಗಿಲಿನ ಸಂದು ನೋಡಿ. ಬಾಗಿಲು ಮೊದಲು ಸರಿಯಾಗಿ ಹಾಕುತ್ತಿದ್ದು ಈಗ ಬಿಗಿಯಾಗಿದೆ ಅಂದರೆ ಅನುಮಾನ ಪಡಿ. ಬಣ್ಣದ ಕೆಳಗೆ ಜೇಡರ ಬಲೆಯ ಹಾಗೆ ಗೆರೆ ಕಂಡರೆ ದುಡ್ಡು ಕೊಡಬೇಡಿ.

ಅಮ್ಮನ ಷೋಕೇಸ್
ನಮ್ಮ ಮನೆಯಲ್ಲಿ ಮಾವನವರ ಕಾಲದ ಕೆಲವು ಹಾಟ್ ವೀಲ್ಸ್ ಇವೆ. ತಳದಲ್ಲಿ ಲಿಯೋ ಅಂತ ಇದೆ. ಇವಕ್ಕೆ ಬೆಲೆ ಇದೆಯಾ?

ಕೆಂಪು ಗೆರೆ
ಮ್ಯಾಟೆಲ್ ಅಂದರೆ ಹಾಟ್ ವೀಲ್ಸ್ ಮಾಡುವ ಕಂಪನಿ. ಲಿಯೋ ಮ್ಯಾಟೆಲ್ ಅಂದರೆ ಭಾರತದಲ್ಲೇ ತಯಾರಾದವು. ಹೊರದೇಶದ ಸಂಗ್ರಾಹಕರು ಇವನ್ನು ಹುಡುಕಿಕೊಂಡು ಬರುತ್ತಾರೆ, ಯಾಕೆಂದರೆ ಅಲ್ಲಿ ಬಾರದ ಬಣ್ಣಗಳು ಇಲ್ಲಿ ಬಂದಿವೆ. ದಯವಿಟ್ಟು ಮಕ್ಕಳ ಬುಟ್ಟಿಗೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಲೂ ಬೇಡಿ, ಸ್ಟಿಕರ್ ಹೋಗುತ್ತದೆ.

ಪ್ಯಾಕ್ ಬಿಚ್ಚಲ್ಲ
ನೋಡಿದಿರಾ? ಅಂಗಡಿಯಿಂದ ಬಂದ ರಟ್ಟಿನ ಕಾರ್ಡಿನಲ್ಲೇ ಇದ್ದಿದ್ದರೆ ಇವತ್ತು ಏನಾಗಿರುತ್ತಿತ್ತು ಯೋಚಿಸಿ.

ಮಲೆನಾಡ ಮಳೆ
ಕಾರ್ಡಿನಲ್ಲೇ ಇದ್ದಿದ್ದರೆ ಬೂಸ್ಟು ಹಿಡಿದಿರುತ್ತಿತ್ತು. ತೀರ್ಥಹಳ್ಳಿಯಲ್ಲಿ ಒಂದು ಮಳೆಗಾಲ ಇದ್ದು ನೋಡಿ. ರಟ್ಟು ಮೆತ್ತಗಾಗಿ, ಪ್ಲಾಸ್ಟಿಕ್ ಗುಳ್ಳೆ ರಟ್ಟಿನಿಂದ ತಾನೇ ಬಿಟ್ಟುಕೊಳ್ಳುತ್ತದೆ. ನಾನು ಎಲ್ಲವನ್ನೂ ಬಿಚ್ಚಿಯೇ ಇಡುತ್ತೇನೆ. ಬೆಲೆ ಕಾಯುವುದಕ್ಕಿಂತ ಬಾಗಿಲು ತೆರೆದು ಒಳಗಿನ ಸೀಟು ನೋಡುವುದು ನನಗೆ ಮುಖ್ಯ.

ಎಲ್ಲರಿಗೂ ಒಂದು ಕೈಮುಗಿದ ಕೋರಿಕೆ. ಕಾರಿನ ಬೀರುವಿನಲ್ಲಿ ನುಸಿ ಗುಳಿಗೆ ಇಡಬೇಡಿ! ಬಟ್ಟೆ ಬೀರುವಿನಲ್ಲಿ ಇಡುವ ಅಭ್ಯಾಸದಲ್ಲಿ ಇಲ್ಲೂ ಇಡುತ್ತಾರೆ. ನ್ಯಾಫ್ತಲೀನ್ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅನ್ನು ಮೆತ್ತಗೆ ಮಾಡುತ್ತದೆ. ದೀಪದ ಗಾಜು, ಡ್ಯಾಶ್‌ಬೋರ್ಡ್ ಅಂಥ ಸಣ್ಣ ಭಾಗಗಳು ಅಂಟಂಟಾಗುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಸಾಕು, ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಿಕೊಳ್ಳಿ.

ಪ್ಯಾಕ್ ಬಿಚ್ಚಲ್ಲ
ಮಲೆನಾಡಿನ ಮಾತು ಬೇರೆ, ಬಯಲುಸೀಮೆಯ ಮಾತು ಬೇರೆ. ಚಿತ್ರದುರ್ಗದಲ್ಲಿ ನನ್ನ ಕಾರ್ಡುಗಳು ಇವತ್ತಿಗೂ ಗರಿಗರಿ ಇವೆ. 1995ರಲ್ಲಿ ಹಾಟ್ ವೀಲ್ಸ್ ಟ್ರೆಷರ್ ಹಂಟ್ ಅನ್ನುವ ಅಪರೂಪದ ಕಾರುಗಳ ಸರಣಿ ಶುರು ಮಾಡಿದಾಗ 12 ಕಾರು, ಒಂದೊಂದು 10,000 ಮಾತ್ರ. 67ರ ಕಮಾರೊ, 63ರ ಸ್ಪ್ಲಿಟ್ ವಿಂಡೊ ಕಾರ್ವೆಟ್, 57ರ ಟಿ-ಬರ್ಡ್ ಎಲ್ಲ ಅದರಲ್ಲಿದ್ದವು. ಅವತ್ತು ಎಲ್ಲರೂ ಬಿಚ್ಚಿದ್ದರೆ ಆ ಕಾರ್ಡಿನ ಚಿತ್ರ ಹೇಗಿತ್ತು ಅಂತ ನಮಗೆ ಗೊತ್ತೂ ಆಗುತ್ತಿರಲಿಲ್ಲ. ಯಾರಾದರೂ ಕಾಪಾಡಬೇಕಲ್ವಾ?

ಮಲೆನಾಡ ಮಳೆ
ಆ ಮಾತು ಒಪ್ಪಿದೆ.

ಹೊಸ ಹುಡುಗ ಬೆಂಗಳೂರು
ಟ್ರೆಷರ್ ಹಂಟ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಂಗಡಿಯಲ್ಲಿ ಹೊಸ ಬಾಕ್ಸ್ ಒಡೆಯುವ ಮುಂಚೆಯೇ ಸ್ಕಾಲ್ಪರ್‌ಗಳು, ಅಂದರೆ ಹೆಚ್ಚು ಬೆಲೆಗೆ ಮಾರಲೆಂದೇ ಕೊಳ್ಳುವವರು, ಎತ್ತಿಕೊಂಡು ಹೋಗುತ್ತಾರೆ. ಸಂಜೆಗೆ ಅದೇ ಕಾರು ಆನ್‌ಲೈನ್ ಗ್ರೂಪಿನಲ್ಲಿ ನಾಲ್ಕು ಪಟ್ಟು ಬೆಲೆಗೆ. ನನ್ನ ತಮ್ಮ 67ರ ಮಸ್ಟ್ಯಾಂಗ್ ಬೇಕು ಅಂತ ಎಷ್ಟು ಅಂಗಡಿ ತಿರುಗಿದ. ಮಗುವಿಗೆ ಸಿಗದ ಹಾಗೆ ಮಾಡಿ ದುಡ್ಡು ಮಾಡುವುದು ಸಂಗ್ರಹ ಅಲ್ಲ, ಅದು ಅನ್ಯಾಯ.

ಹುಬ್ಬಳ್ಳಿ ಹಾಟ್‌ರಾಡ್
ಅವರ ಹತ್ತಿರ ಕೊಳ್ಳುವುದನ್ನು ನಾವು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ. ಇಲ್ಲಿರುವ ಯಾರೂ ಎಂಆರ್‌ಪಿಗಿಂತ ಜಾಸ್ತಿ ಕೊಡಬೇಡಿ.

ಅಮ್ಮನ ಷೋಕೇಸ್
ಅಮೆರಿಕದಿಂದ ನೇರವಾಗಿ ಆನ್‌ಲೈನ್‌ನಲ್ಲಿ ತರಿಸಿದರೆ ಆಗಲ್ವಾ?

ಗದಗ ಗೇರ್
ಆಗುತ್ತದೆ, ಆದರೆ ಲೆಕ್ಕ ಹಾಕಿ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ ಹೋಯಿತು. ಅದರ ಮೇಲೆ ಬೇರೆ ತೆರಿಗೆ, ಸಾಗಣೆ ಖರ್ಚು. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತದ ಗುಣಮಟ್ಟದ ಗುರುತು, ಬಿಐಎಸ್, ಕಡ್ಡಾಯ. ಇದಕ್ಕೇ ಗ್ರೀನ್‌ಲೈಟ್, ಎಂ2 ಮಷೀನ್ಸ್ ಅಂಥ ಅಮೆರಿಕನ್ ಕಂಪನಿಗಳ ಮಾದರಿಗಳು ನಮ್ಮ ಅಂಗಡಿಗಳಲ್ಲಿ ಅಪರೂಪ. ನೆಂಟರ ಸೂಟ್‌ಕೇಸೇ ಒಳ್ಳೆಯ ದಾರಿ.

ಸ್ಕೇಲ್ ಸರಿ ಇರಲಿ
ಮೂಲ ಪ್ರಶ್ನೆಯ ಮೂರನೇ ಭಾಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 1:64ರಲ್ಲಿ ಅಳತೆ ಬೇಕು ಅಂದರೆ ಆಟೊ ವರ್ಲ್ಡ್, ಗ್ರೀನ್‌ಲೈಟ್, ಎಂ2 ಮಷೀನ್ಸ್, ಜಾನಿ ಲೈಟ್ನಿಂಗ್. ಎಂ2ನಲ್ಲಿ ಬಾನೆಟ್ ತೆರೆಯುತ್ತದೆ, ಎಂಜಿನ್‌ಗೆ ಬಣ್ಣ ಹಾಕಿರುತ್ತಾರೆ. ಗ್ರೀನ್‌ಲೈಟ್‌ನಲ್ಲಿ ಚಕ್ರ ಹಸಿರಾಗಿದ್ದರೆ ಅದು ಚೇಸ್ ಕಾರು, ಅಂದರೆ ಬೇಕಂತಲೇ ಕಡಿಮೆ ಸಂಖ್ಯೆಯಲ್ಲಿ ಬಿಡುವ ಅಪರೂಪದ್ದು. ಭಾವನ ಬ್ಯಾಗಿನ ಮೂಲೆಯಲ್ಲಿ ಇವು ನಾಲ್ಕೈದು ಸುಲಭವಾಗಿ ಹಿಡಿಯುತ್ತವೆ.

ಕೋಲಾರ ಕಾರ್ವೆಟ್
ನಾನು ಹೇಳುವುದು ಎರಡೂ ಅಲ್ಲ. 1970ರ ಪ್ಲಿಮತ್ ಸೂಪರ್‌ಬರ್ಡ್ ತರಿಸಿ. ಅದೂ ಡಾಡ್ಜ್ ಡೇಟೋನಾ ಒಂದೇ ಕಾರು, ಯಾವುದು ಸಿಕ್ಕಿದರೂ ಸರಿ.

ನಾಲ್ಕು ಬಾಗಿಲು
ಒಂದೇ ಅಲ್ಲ! ಡೇಟೋನಾ 1969ರದ್ದು, 503 ಮಾತ್ರ ಆದವು. ಸೂಪರ್‌ಬರ್ಡ್ ಸುಮಾರು 1900. ಮೂತಿ ಬೇರೆ, ಹಿಂದಿನ ರೆಕ್ಕೆಯ ಕಂಬದ ಆಕಾರ ಬೇರೆ. ಅಮೆರಿಕದ ನಾಸ್ಕಾರ್ ರೇಸಿನ ನಿಯಮಕ್ಕಾಗಿ ರಸ್ತೆಗೂ ಬಿಟ್ಟ ಕಾರುಗಳು ಇವು. ಇನ್ನೊಂದು ಗುಟ್ಟು. ಸೂಪರ್‌ಬರ್ಡ್‌ಗೆ ಹಿಂಗಾಜಿನ ಸುತ್ತ ಹೊಸ ತಗಡು ಬೆಸೆದಿದ್ದರು. ಆ ಬೆಸುಗೆ ತಿಕ್ಕಿ ನಯ ಮಾಡಲು ಸಮಯ ಇಲ್ಲದೆ ಚಾವಣಿಗೆ ವಿನೈಲ್ ಹೊದಿಸಿಬಿಟ್ಟರು. ಹಾಗಾಗಿ ಶೋರೂಮಿನಿಂದ ಹೊರಟ ಎಲ್ಲ ಸೂಪರ್‌ಬರ್ಡ್‌ಗೂ ಕಪ್ಪು ವಿನೈಲ್ ಚಾವಣಿ. ರಸ್ತೆ ಕಾರಿನ ಮಾದರಿಯಲ್ಲಿ ಚಾವಣಿಗೂ ಮೈಬಣ್ಣವೇ ಹಾಕಿದ್ದರೆ ತಪ್ಪು ಮಾದರಿ. ರಿಚರ್ಡ್ ಪೆಟ್ಟಿಯ ನೀಲಿ 43 ನಂಬರ್ ರೇಸ್ ಕಾರಿಗೆ ಇದು ಅನ್ವಯಿಸಲ್ಲ.

ಕೋಲಾರ ಕಾರ್ವೆಟ್
ಸರಿ, ಚಾವಣಿ ವಿಷಯ ನನಗೆ ಹೊಸದು. ಹಾಗಾದರೆ ನನ್ನ ಕಡೆಯಿಂದಲೂ ಒಂದು. 1953ರ ಕಾರ್ವೆಟ್ ಅಂತ ಕೆಂಪು, ನೀಲಿ ಮಾದರಿ ಮಾರುತ್ತಾರೆ. ಆ ವರ್ಷ ಮಿಶಿಗನ್‌ನ ಫ್ಲಿಂಟ್ ಊರಿನಲ್ಲಿ ತಯಾರಾಗಿದ್ದು 300 ಕಾರು, ಎಲ್ಲ ಬಿಳಿ, ಒಳಗೆ ಕೆಂಪು. ಬೇರೆ ಬಣ್ಣ ಬಂದಿದ್ದು 54ರಿಂದ.

ಗ್ಯಾರೇಜ್ ಗೂಡು
ಇಷ್ಟೆಲ್ಲ ಓದಿ ಭಾವನಿಗೆ ಬೆಲ್ ಏರ್ ಅಂತ ಹೇಳಿದೆ. ಆ ರೆಕ್ಕೆ ತುದಿಯ ಸಂದು ನೋಡಬೇಕು ಅನ್ನುವ ಆಸೆ ಬಂದುಬಿಟ್ಟಿದೆ. ಜೊತೆಗೆ 1:64ರಲ್ಲಿ 57ರ ಪ್ಲಿಮತ್ ಒಂದು. ಡಬ್ಬಿ ಬಿಚ್ಚುತ್ತೇನೆ, @ಪ್ಯಾಕ್ ಬಿಚ್ಚಲ್ಲ ಕ್ಷಮಿಸಬೇಕು. ಆದರೆ ಡಬ್ಬಿ, ಒಳಗಿನ ಥರ್ಮೊಕೋಲ್ ಎಲ್ಲ ಜೋಪಾನವಾಗಿ ಇಡುತ್ತೇನೆ.

ಹುಬ್ಬಳ್ಳಿ ಹಾಟ್‌ರಾಡ್
ಮುಂದಿನ ವರ್ಷ ಕ್ಯಾಡಿಲಾಕ್. ಈಗಲೇ ಹೇಳಿ ಇಡಿ.

ಪ್ಯಾಕ್ ಬಿಚ್ಚಲ್ಲ
ಡಬ್ಬಿ ಇಟ್ಟುಕೊಂಡರೆ ನನಗೆ ಸಮಾಧಾನ. ಫೋಟೋ ಹಾಕಿ.

ಮಲೆನಾಡ ಮಳೆ
1:18 ಬಿಚ್ಚಿಡುವವರು ಟೈರಿನ ಕಡೆ ಗಮನ ಕೊಡಿ. ಆ ಟೈರು ಮೆತ್ತಗಿರಲು ಹಾಕಿದ ಎಣ್ಣೆಯಂಥ ಅಂಶ ನಿಧಾನವಾಗಿ ಹೊರಗೆ ಬಂದು ಕೆಳಗಿನ ಪ್ಲಾಸ್ಟಿಕ್ ಪೀಠವನ್ನು ತಿನ್ನುತ್ತದೆ. ಕೆಲವು ವರ್ಷ ಬಿಟ್ಟು ಎತ್ತಿದರೆ ಟೈರು ಪೀಠಕ್ಕೆ ಅಂಟಿ ಕಿತ್ತು ಬರುತ್ತದೆ. ಪೀಠಕ್ಕೆ ಸ್ಕ್ರೂ ಹಾಕಿ ಕಾರನ್ನು ಒಂದು ಕೂದಲು ಎತ್ತರಿಸಿ ನಿಲ್ಲಿಸಿ, ಟೈರು ತಾಗಬಾರದು. ಆಗದಿದ್ದರೆ ನಡುವೆ ಅಲ್ಯೂಮಿನಿಯಂ ಹಾಳೆ ಇಡಿ. ಗಾಜಿನ ಶೆಲ್ಫಿಗೆ ಈ ತೊಂದರೆ ಇಲ್ಲ.

ಅಮ್ಮನ ಷೋಕೇಸ್
ಧೂಳು ಹೇಗೆ ತೆಗೆಯುತ್ತೀರಿ? ನಾನು ಬಟ್ಟೆಯಲ್ಲಿ ಒರೆಸಿದರೆ ಸಣ್ಣ ಗೀರು ಬೀಳುತ್ತಿವೆ.

ಗದಗ ಗೇರ್
ಬಟ್ಟೆ ಬೇಡ, ಒಣ ಧೂಳನ್ನು ಎಳೆದು ಬಣ್ಣ ಗೀರುತ್ತದೆ. ಮೇಕಪ್ಪಿನ ಅಗಲ ಬ್ರಷ್ ಹೊಸದು ಒಂದು ತೆಗೆದುಕೊಳ್ಳಿ. ಕನ್ನಡಿ, ಆ್ಯಂಟೆನಾ ಇರುವ ಕಡೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಆಡಿಸಿ. ಕ್ರೋಮ್ ಮೇಲೆ ಬೆರಳು ಮುಟ್ಟಿಸಬೇಡಿ, ಬೆವರಿನ ಗುರುತು ಉಳಿಯುತ್ತದೆ. ತಳಕ್ಕೆ ಕೈ ಹಾಕಿ ಎತ್ತಿ. ಬಾಗಿಲು ತೆರೆದೇ ಇಡಬೇಡಿ, ನಾಯಿಕಾಲಿನ ಹಾಗೆ ಬಾಗಿದ ಡಾಗ್‌ಲೆಗ್ ಹಿಂಜ್ ಇರುವ ಅಗ್ಗದ ಮಾದರಿಗಳಲ್ಲಿ ಬಾಗಿಲು ಜೋತುಬಿದ್ದು ಆಮೇಲೆ ಸರಿಯಾಗಿ ಕೂರಲ್ಲ.

ಅಮ್ಮನ ಷೋಕೇಸ್
ಬ್ರಷ್ ಇವತ್ತೇ ತರುತ್ತೇನೆ. ಲಿಯೋ ಕಾರುಗಳ ತಳದ ಫೋಟೋ ನಾಳೆ ಹಾಕುತ್ತೇನೆ, @ಕೆಂಪು ಗೆರೆ ನೋಡಿ ಹೇಳಿ.

ಕೆಂಪು ಗೆರೆ
ಖಂಡಿತ. ಚಕ್ರದ ಫೋಟೋನೂ ಬೇಕು, ಹತ್ತಿರದಿಂದ.